ಆರಾಧನೆಯ ಹಾಡಿಗೂ ಲೋಕದ ಹಾಡಿಗೂ ನಡುವಿನ ಗೆರೆ ಎಲ್ಲಿದೆ?

ಹಿಂದಿನಸಾಲು ಬರೆಯುತ್ತಾರೆ:

ನಮ್ಮ ಸಭೆಯ ಹಿರಿಯರ ಕೂಟದಲ್ಲಿ ಮೂರು ತಿಂಗಳಿಂದ ಒಂದೇ ವಿಷಯ ಮತ್ತೆ ಮತ್ತೆ ಮೇಲೇಳುತ್ತಿದೆ. ಭಾನುವಾರದ ಆರಾಧನೆಯಲ್ಲಿ ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರ್ ನುಡಿಸಲು ಯುವಜನರು ಅನುಮತಿ ಕೇಳಿದ್ದಾರೆ. ಅದು ಲೋಕದ ಸಂಗೀತ, ದೇವರ ಮನೆಯೊಳಗೆ ಸಲ್ಲದು ಎಂಬುದು ಒಂದು ಪಕ್ಷ. ಹದಿನಾರನೇ ಶತಮಾನದ ಸಭಾ ಸುಧಾರಕ ಮಾರ್ಟಿನ್ ಲೂಥರರೇ ಹೆಂಡದಂಗಡಿಯ ಹಾಡುಗಳಿಗೆ ದೇವರ ಮಾತು ತೊಡಿಸಲಿಲ್ಲವೇ ಎಂಬುದು ಇನ್ನೊಂದು ಪಕ್ಷ. ನಾನು ಇಪ್ಪತ್ತು ವರ್ಷದಿಂದ ಗಾಯನವೃಂದದ ಹಿಂದಿನ ಸಾಲಿನಲ್ಲಿ ನಿಂತು ಬೇಸ್ ದನಿಯಲ್ಲಿ ಹಾಡುತ್ತಿರುವವನು. ಯಾವ ಪಕ್ಷಕ್ಕೂ ಸೇರದೆ ಉಳಿದಿದ್ದೇನೆ, ಏಕೆಂದರೆ ಒಂದು ಧಾಟಿಯನ್ನು ಲೋಕದ್ದನ್ನಾಗಿಯೋ ದೇವರದ್ದನ್ನಾಗಿಯೋ ಮಾಡುವುದು ಯಾವುದೆಂಬ ಪ್ರಶ್ನೆಗೆ ಎರಡೂ ಪಕ್ಷದವರಲ್ಲಿ ಉತ್ತರವಿಲ್ಲ.

ಶುಭಶುಕ್ರವಾರ ಹಾಡುವ, ಮುಳ್ಳಿನ ಕಿರೀಟ ಹೊತ್ತ ಶಿರಸ್ಸನ್ನು ಕುರಿತ ಪ್ರಸಿದ್ಧ ಗೀತೆಯನ್ನೇ ತೆಗೆದುಕೊಳ್ಳಿ. ಅದರ ಧಾಟಿಯನ್ನು ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ್ದು ಪ್ರೇಮಗೀತೆಯೊಂದಕ್ಕಾಗಿ. ಕೋಮಲೆಯೊಬ್ಬಳು ತನ್ನ ಮನಸ್ಸನ್ನು ಕದಡಿಬಿಟ್ಟಳೆಂಬುದು ಮೂಲ ಹಾಡಿನ ಅಳಲು. ಅದೇ ಶತಮಾನದಲ್ಲಿ ಆ ಧಾಟಿ ಪೌಲ್ ಗೆರ್ಹಾರ್ಟರ ಸಾಹಿತ್ಯವನ್ನು ಕೂಡಿಕೊಂಡಿತು, ಮುಂದೆ ಸಂಗೀತರಚನಕಾರ ಬಾಖ್ ಅದನ್ನು ಮತ್ತಾಯನ ಸುವಾರ್ತೆಯ ಯಾತನಾಗಾಯನದಲ್ಲಿ ಐದು ಸಲ ಬಳಸಿದರು. ಇಂದು ಅದನ್ನು ಕೇಳಿ ಕಣ್ಣು ಒರೆಸಿಕೊಳ್ಳುವ ಯಾರಿಗೂ ಆ ಹುಡುಗಿಯ ನೆನಪಾಗುವುದಿಲ್ಲ. ಎದುರು ದಿಕ್ಕಿನ ಪಯಣವೂ ಇದೆ: ಅಮೆರಿಕದ ಗಾಯಕ ರೇ ಚಾರ್ಲ್ಸ್ 1954ರಲ್ಲಿ ಸುವಾರ್ತಾ (ಗಾಸ್ಪೆಲ್) ತಂಡವೊಂದು ಯೇಸುವನ್ನು ಕುರಿತು ಹಾಡಿದ್ದ ಗೀತೆಯನ್ನು ತಿರುಗಿಸಿ ತನ್ನ ಪ್ರೇಯಸಿಯ ಹಾಡನ್ನಾಗಿಸಿದರು, ಸೋಲ್ ಎಂಬ ಅಮೆರಿಕದ ಕಪ್ಪು ಜನರ ಸಂಗೀತದ ಕಥೆ ಹೇಳುವವರು ಬಹುಮಟ್ಟಿಗೆ ಅಲ್ಲಿಂದಲೇ ಆರಂಭಿಸುತ್ತಾರೆ. ಧಾಟಿಗಳು ಹೀಗೆ ಗಡಿ ದಾಟಿ ಹೋಗಿಬರುತ್ತಿದ್ದರೆ, ಗಡಿ ಧಾಟಿಯಲ್ಲಿ ಇಲ್ಲ ಎಂದಾಯಿತು. ಹಾಗಾದರೆ ಎಲ್ಲಿದೆ? ಬಲ್ಲವರು ತಿಳಿಸಬೇಕು.

ತಾಳೆಗರಿ ಬರೆಯುತ್ತಾರೆ:

ಮೊದಲು ಲೂಥರರ ಮೇಲೆ ಹೊರಿಸಿರುವ ಹೆಂಡದಂಗಡಿಯನ್ನು ಕೆಳಗಿಳಿಸೋಣ. ಅವರು ಕುಡಿತದ ಹಾಡುಗಳನ್ನು ಆರಾಧನೆಗೆ ತಂದರೆಂಬುದಕ್ಕೆ ಆಧಾರವಿಲ್ಲ. ಒಂದು ಸಾಲನ್ನು ಎರಡು ಸಲ ಹಾಡಿ ಬಳಿಕ ಬೇರೆ ಸಾಲಿಗೆ ತಿರುಗುವ ಹಾಡಿನ ಕಟ್ಟನ್ನು ಜರ್ಮನರು ‘ಬಾರ್’ ಎಂದು ಕರೆಯುತ್ತಿದ್ದರು. ಆ ಪದವನ್ನು ಮದ್ಯದಂಗಡಿ ಎಂದು ತಿಳಿದವರಿಂದ ಈ ಕಥೆ ಹಬ್ಬಿರಬೇಕೆಂಬ ಊಹೆಯೂ ಉಂಟು. ಒಳ್ಳೆಯ ಧಾಟಿಗಳೆಲ್ಲ ಸೈತಾನನಿಗೇ ಏಕೆ ಸೇರಬೇಕು ಎಂಬ ಮಾತೂ ಲೂಥರರ ಬರಹದಲ್ಲಿ ಸಿಗುವುದಿಲ್ಲ. ಅದನ್ನು ಲಂಡನ್ನಿನ ಬೋಧಕ ರೋಲೆಂಡ್ ಹಿಲ್ ಅವರ ಹೆಸರಿಗೂ, ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ವಿಲಿಯಂ ಬೂತ್ ಅವರ ಹೆಸರಿಗೂ ಹಚ್ಚುತ್ತಾರೆ. ಬೂತ್ ಅವರ ಜನ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮನರಂಜನೆಯ ರಂಗಮಂದಿರಗಳ ಹಾಸ್ಯಗೀತೆಗಳನ್ನು, ಷಾಂಪೇನ್ ಕುಡಿಯುವ ಶೋಕಿಲಾಲನೊಬ್ಬನ ಹಾಡನ್ನೂ ಬಿಡದೆ, ಸುವಾರ್ತೆಗೆ ಬಳಸಿಕೊಂಡದ್ದು ಮಾತ್ರ ನಿಜ.

ಲೂಥರರು ಲೌಕಿಕ ಧಾಟಿಯನ್ನು ಮುಟ್ಟಲೇ ಇಲ್ಲವೆಂದೂ ಹೇಳಲಾಗದು. ಕ್ರಿಸ್ಮಸ್ಸಿಗಾಗಿ ಮಕ್ಕಳಿಗೆಂದು ಅವರು ಬರೆದ, ದೇವದೂತ ಸ್ವರ್ಗದಿಂದ ಇಳಿದು ಬರುವ ಗೀತೆಯನ್ನು 1535ರಲ್ಲಿ ಒಂದು ಒಗಟಿನ ಹಾಡಿನ ಧಾಟಿಯಲ್ಲಿ ಪ್ರಕಟಿಸಲಾಯಿತು. ಆದರೆ 1539ರ ಹೊತ್ತಿಗೆ ಆ ಧಾಟಿಯ ಜಾಗದಲ್ಲಿ ಹೊಸದೊಂದು ಬಂದಿತ್ತು. ಬೀದಿಯಲ್ಲಿ ಅತಿಯಾಗಿ ಹಾಡಿ ಸವೆದ ಧಾಟಿ ಆರಾಧನೆಯಲ್ಲಿ ತೊಡಕಾಯಿತೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹಾಗಾಗಿ ನಿಮ್ಮ ಎರಡೂ ಪಕ್ಷದವರಿಗೆ ಲೂಥರರು ಅರ್ಧರ್ಧ ಸಾಕ್ಷಿ ಮಾತ್ರ.

ಆ ಕಾಲದ ಉಳಿದ ಸುಧಾರಕರನ್ನೂ ನೋಡಬೇಕು. ಜ್ಯೂರಿಕ್ಕಿನ ಸ್ವಿಂಗ್ಲಿ ಹಲವು ವಾದ್ಯಗಳನ್ನು ಬಲ್ಲ ಸಂಗೀತಗಾರರಾಗಿದ್ದರೂ ಆರಾಧನೆಯಿಂದ ಸಂಗೀತವನ್ನೇ ಹೊರಗಿಟ್ಟರು. 1527ರಲ್ಲಿ ಆ ನಗರದ ಮುಖ್ಯ ದೇವಾಲಯದ ಆರ್ಗನ್ನನ್ನು ಕಳಚಲಾಯಿತು, 1598ರವರೆಗೂ ಅಲ್ಲಿ ಸಭೆಯ ಹಾಡು ಕೇಳಿಸಲಿಲ್ಲ. ಜಿನೀವಾದ ಕ್ಯಾಲ್ವಿನರು ಬೈಬಲಿನ ಕೀರ್ತನೆಗಳನ್ನು ಮಾತ್ರ, ವಾದ್ಯವಿಲ್ಲದೆ, ಎಲ್ಲರೂ ಒಂದೇ ದನಿಯಲ್ಲಿ ಹಾಡಲಿ ಎಂದರು. 150 ಕೀರ್ತನೆಗಳೂ ಸೇರಿದ ಜಿನೀವಾದ ಪುಸ್ತಕ 1562ರಲ್ಲಿ ಪೂರ್ಣವಾಯಿತು. ಮೂವರೂ ಅದೇ ಬೈಬಲನ್ನು ಓದಿ, ಒಂದೇ ತಲೆಮಾರಿನೊಳಗೆ ಈ ಮೂರು ತೀರ್ಮಾನಗಳಿಗೆ ಬಂದರು.

ಶ್ರುತಿಪೆಟ್ಟಿಗೆ ಬರೆಯುತ್ತಾರೆ:

ಹಿಂದಿನಸಾಲು ಅವರೇ, ಧಾಟಿ ಗಡಿ ದಾಟುತ್ತದೆ ಎಂಬುದರಿಂದ ಗಡಿಯೇ ಅಲ್ಲಿಲ್ಲ ಎನ್ನುವುದು ಅವಸರದ ಮಾತಾಯಿತು. ಹಾಸ್ಲರರ ಧಾಟಿ ಆರಾಧನೆಗೆ ಹೊಂದಿಕೊಳ್ಳಲು ಅದರ ಲಯವನ್ನು ಸಮಗೊಳಿಸಿ, ನಡೆಯನ್ನು ನಿಧಾನಗೊಳಿಸಿ, ಸ್ವರಮೇಳವನ್ನು ಗಾಢವಾಗಿಸಬೇಕಾಯಿತು. ನೃತ್ಯದ ನಡೆಯಲ್ಲಿದ್ದ ಹಾಡು ಪ್ರಾರ್ಥನೆಯ ನಡೆಗೆ ಬಂದ ಮೇಲೆಯೇ ಬಾಖ್ ಕೈಗೆ ಸಿಕ್ಕಿದ್ದು. ಅಂದರೆ ಸಂಗೀತಕ್ಕೆ ತನ್ನದೇ ಆದ ಮಾತಿದೆ, ಸಾಹಿತ್ಯ ಬದಲಾಯಿಸಿದ ಮಾತ್ರಕ್ಕೆ ಆ ಮಾತು ಬದಲಾಗುವುದಿಲ್ಲ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಈ ಎಚ್ಚರ ಬಹಳ ಹಳೆಯದು. ಸಂತ ಅಗಸ್ತೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಇದನ್ನು ಚರ್ಚಿಸುವ ರೀತಿಯನ್ನು ಓದಿದವರು ಮರೆಯಲಾರರು. ಮಿಲಾನಿನಲ್ಲಿ ಹೊಸದಾಗಿ ವಿಶ್ವಾಸಕ್ಕೆ ಬಂದಾಗ ಸಭೆಯ ಹಾಡು ಕೇಳಿ ಸುರಿಸಿದ ಕಣ್ಣೀರನ್ನು ಅವರು ನೆನೆಯುತ್ತಾರೆ, ಹಾಡಿನಿಂದ ದುರ್ಬಲ ಮನಸ್ಸು ಭಕ್ತಿಗೆ ಏರುತ್ತದೆಂದು ಒಪ್ಪುತ್ತಾರೆ. ಆದರೆ ಹಾಡಿದ ವಿಷಯಕ್ಕಿಂತ ಹಾಡುಗಾರಿಕೆಯೇ ತಮ್ಮನ್ನು ಹೆಚ್ಚು ಕದಲಿಸಿದಾಗ ಪಾಪ ಮಾಡಿದೆನೆಂದು ಅನ್ನಿಸುತ್ತದೆ, ಆಗ ಹಾಡನ್ನು ಕೇಳದಿದ್ದರೇ ಲೇಸಿತ್ತು ಎನ್ನುತ್ತಾರೆ. ಅಲೆಕ್ಸಾಂಡ್ರಿಯದ ಅಥನಾಸಿಯರು ಕೀರ್ತನೆಯನ್ನು ಹಾಡಿಗಿಂತ ಮಾತಿಗೆ ಹತ್ತಿರವಾಗುವಷ್ಟು ಸಣ್ಣ ಏರಿಳಿತದಲ್ಲಿ ಓದಿಸುತ್ತಿದ್ದರೆಂಬುದನ್ನೂ ಅಲ್ಲಿ ಸ್ಮರಿಸುತ್ತಾರೆ. ಇದು ಸಂಗೀತ ಗೊತ್ತಿಲ್ಲದ ಶುಷ್ಕ ಮನುಷ್ಯನ ಆಕ್ಷೇಪವಲ್ಲ. ಸಂಗೀತ ತನ್ನನ್ನು ಎಷ್ಟು ದೂರ ಒಯ್ಯಬಲ್ಲದೆಂದು ಬಲ್ಲವನ ಭಯ.

ಹತ್ತನೇ ಪಯಸ್ ಪೋಪರು 1903ರಲ್ಲಿ ಪಿಯಾನೋ, ಡ್ರಮ್ಮು, ತಾಳಗಳನ್ನು ದೇವಾಲಯದಲ್ಲಿ ನಿಷೇಧಿಸಿದಾಗ, ಅರವತ್ತು ವರ್ಷಗಳ ಬಳಿಕ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರ್ಗನ್ನಿಗೆ ಮೊದಲ ಮರ್ಯಾದೆ ಕೊಟ್ಟು ಉಳಿದ ವಾದ್ಯಗಳಿಗೂ ಷರತ್ತಿನ ಮೇಲೆ ಬಾಗಿಲು ತೆರೆದಾಗ, ಎರಡೂ ಸಲ ಕೇಳಿದ ಪ್ರಶ್ನೆ ಒಂದೇ: ಇದು ಆರಾಧನೆಗೆ ತಕ್ಕದ್ದೇ? ಮುಂದೆ ಹದಿನಾರನೇ ಬೆನೆಡಿಕ್ಟ್ ಪೋಪರಾದ ಕಾರ್ಡಿನಲ್ ರಾಟ್ಸಿಂಗರ್ 2000ದಲ್ಲಿ ಪ್ರಕಟಿಸಿದ ಆರಾಧನೆಯ ಕುರಿತ ಗ್ರಂಥದಲ್ಲಿ ಪಾಪ್ ಸಂಗೀತದ ಮೇಲೆ ಹೊರಿಸಿದ ಆಕ್ಷೇಪ, ಅದು ಜನಸ್ತೋಮಕ್ಕಾಗಿ ಕೈಗಾರಿಕಾ ರೀತಿಯಲ್ಲಿ ತಯಾರಾದ ಸರಕು ಎಂಬುದು. ಕೂಗಾಟ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಇದು ಆಳವಾದ ಮಾತು.

ನೀಲಿಸ್ವರ ಬರೆಯುತ್ತಾರೆ:

ಶ್ರುತಿಪೆಟ್ಟಿಗೆಯವರ ಬರಹವನ್ನು ಗೌರವದಿಂದಲೇ ಓದಿದೆ. ಆದರೆ ‘ತಕ್ಕದ್ದು’ ಯಾವುದೆಂದು ತೀರ್ಮಾನಿಸುವ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂದು ಕೇಳದೆ ಈ ಚರ್ಚೆ ಮುಂದುವರಿಯಲಾರದು. ಇಪ್ಪತ್ತನೇ ಶತಮಾನದ ಅಮೆರಿಕದ ಕಪ್ಪು ಜನರ ಸಭೆಗಳಲ್ಲಿ ನಡೆದದ್ದನ್ನು ಬಿಟ್ಟು ಕ್ರೈಸ್ತ ವಿಶ್ವಾಸ ಮತ್ತು ಜನಪ್ರಿಯ ಸಂಗೀತದ ಬಗ್ಗೆ ಮಾತನಾಡುವುದು, ಬೇರನ್ನು ಬಿಟ್ಟು ಮರವನ್ನು ವರ್ಣಿಸಿದಂತೆ.

ಥಾಮಸ್ ಎ. ಡಾರ್ಸಿ ಬ್ಯಾಪ್ಟಿಸ್ಟ್ ಬೋಧಕರ ಮಗ. ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ಎಂಬ ಕಪ್ಪು ಜನರ ಲೌಕಿಕ ಶೈಲಿಯಲ್ಲಿ ಪಿಯಾನೋ ನುಡಿಸಿ, ಗಾಯಕಿ ಮಾ ರೇನಿ ಅವರ ತಂಡವನ್ನು ಮುನ್ನಡೆಸಿ, 1928ರಲ್ಲಿ ಟ್ಯಾಂಪಾ ರೆಡ್ ಜೊತೆಗೂಡಿ ದ್ವಂದ್ವಾರ್ಥದ ಹಾಡೊಂದರಿಂದ ದೊಡ್ಡ ಯಶಸ್ಸು ಕಂಡವರು. ಅವರು ಬ್ಲೂಸಿನ ನಡೆಯಲ್ಲೇ ಸುವಾರ್ತಾ ಗೀತೆಗಳನ್ನು ಬರೆದು ಷಿಕಾಗೋದ ಸಭೆಗಳಿಗೆ ಒಯ್ದಾಗ, ಅನೇಕ ಕಡೆ ಬಾಗಿಲು ಮುಚ್ಚಿತು. ಹಾಗೆ ಬಾಗಿಲು ಮುಚ್ಚಿದವರು ಬಿಳಿಯರಲ್ಲ, ಯುರೋಪಿನ ಶಾಸ್ತ್ರೀಯ ಮೇಳವನ್ನು ಗೌರವದ ಗುರುತಾಗಿ ಕಂಡಿದ್ದ ಕಪ್ಪು ಸಭೆಗಳ ಮುಖಂಡರೇ. ಆಗಸ್ಟ್ 1932ರಲ್ಲಿ ಡಾರ್ಸಿ ಸೇಂಟ್ ಲೂಯಿಸಿನ ಉಜ್ಜೀವನ ಕೂಟದಲ್ಲಿದ್ದಾಗ ಹೆಂಡತಿ ನೆಟ್ಟಿ ಹೆರಿಗೆಯಲ್ಲಿ ತೀರಿಕೊಂಡ ತಂತಿ ಬಂತು. ಊರಿಗೆ ಮರಳಿದ ಬೆನ್ನಿಗೆ ಮಗುವೂ ಉಳಿಯಲಿಲ್ಲ. ಆ ದುಃಖದಿಂದ ಹುಟ್ಟಿದ, ಕರ್ತನೇ ನನ್ನ ಕೈ ಹಿಡಿ ಎಂಬ ಮೊರೆಯ ಗೀತೆಗೆ ಅವರು ಆರಿಸಿಕೊಂಡ ಧಾಟಿ ಹತ್ತೊಂಬತ್ತನೇ ಶತಮಾನದ ಹಳೆಯ ಸ್ತುತಿಗೀತೆಯೊಂದರದು ಎಂಬುದನ್ನು ಗಮನಿಸಬೇಕು. ಪುಸ್ತಕದ ಧಾಟಿಯನ್ನು ಬ್ಲೂಸ್ ಗಾಯಕ ಎಳೆದಾಡಿ, ಬಾಗಿಸಿ, ಉಸಿರು ತುಂಬಿ ಸಭೆಗೆ ಹಿಂದಿರುಗಿಸಿದ. ಮಾರ್ಟಿನ್ ಲೂಥರ್ ಕಿಂಗ್ ಅವರು 1968ರಲ್ಲಿ ಗುಂಡೇಟಿಗೆ ಬಲಿಯಾಗುವ ಕೆಲವೇ ಕ್ಷಣಗಳ ಮೊದಲು, ಆ ಸಂಜೆಯ ಕೂಟದಲ್ಲಿ ನುಡಿಸಬೇಕೆಂದು ಕೇಳಿಕೊಂಡದ್ದು ಅದೇ ಹಾಡನ್ನು. ಅವರ ಅಂತ್ಯಸಂಸ್ಕಾರದಲ್ಲಿ ಅದನ್ನು ಸುವಾರ್ತಾ ಗಾಯಕಿ ಮಹಲಿಯಾ ಜಾಕ್ಸನ್ ಹಾಡಿದರು.

ಸಿಸ್ಟರ್ ರೊಸೆಟ್ಟಾ ಥಾರ್ಪ್ ಅವರ ಕಥೆ ಇನ್ನೂ ಬಿಗಿಯಾದ ಗಂಟು. ಅವರು ಬೆಳೆದ ಪೆಂಟಕೋಸ್ಟಲ್ ಪಂಗಡದಲ್ಲಿ ತಾಳ, ಗಿಟಾರ್, ಕುಣಿತ ಎಲ್ಲವೂ ಆರಾಧನೆಯೇ ಆಗಿತ್ತು. 150ನೇ ಕೀರ್ತನೆ ಝಲ್ಲರಿ, ದಮ್ಮಡಿ, ನಾಟ್ಯಗಳಿಂದ ಸ್ತುತಿಸಿರೆಂದು ಹೇಳುವುದನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದರು. 1938ರಲ್ಲಿ ಅದೇ ಹಾಡುಗಳನ್ನು, ಅದೇ ಗಿಟಾರಿನೊಂದಿಗೆ ಅವರು ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಹಾಡಿದರು, ಧ್ವನಿಮುದ್ರಿಸಿದರು. ಸಭೆಯಲ್ಲಿ ಪವಿತ್ರವಾಗಿದ್ದದ್ದು ಕ್ಲಬ್ಬಿನಲ್ಲಿ ಲೌಕಿಕವಾಯಿತೆಂದು ಸಭೆಯವರು ನೊಂದರು. 1945ರಲ್ಲಿ ಅವರ ಗೀತೆಯೊಂದು ಕಪ್ಪು ಕೇಳುಗರ ಜನಪ್ರಿಯತಾ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ರಾಕ್ ಅಂಡ್ ರೋಲಿನ ಮೊದಲ ಹೆಜ್ಜೆಗಳಲ್ಲಿ ಅದನ್ನೂ ಎಣಿಸುವವರಿದ್ದಾರೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2018ರಲ್ಲಿ, ಅವರು ತೀರಿಕೊಂಡ 45 ವರ್ಷಗಳ ನಂತರ. ಆದ್ದರಿಂದ ನಿಮ್ಮ ಯುವಜನರು ಕೇಳುತ್ತಿರುವ ಎಲೆಕ್ಟ್ರಿಕ್ ಗಿಟಾರ್ ಲೋಕದಿಂದ ಸಭೆಗೆ ನುಗ್ಗುತ್ತಿರುವ ವಾದ್ಯ ಎಂಬ ಮಾತೇ ತಲೆಕೆಳಗಾದದ್ದು. ರಾಕ್ ಸಂಗೀತಕ್ಕೆ ಆ ನಡೆ, ಆ ಕೂಗು, ಆ ಪ್ರಶ್ನೋತ್ತರದ ಹಾಡುಗಾರಿಕೆ ಬಂದದ್ದರಲ್ಲಿ ದೊಡ್ಡ ಪಾಲು ಸಭೆಯದೇ.

1950ರ ದಶಕದಲ್ಲಿ ಅಮೆರಿಕದ ದಕ್ಷಿಣದಲ್ಲಿ ಈ ಸಂಗೀತವನ್ನು ಸೈತಾನನದೆಂದು ಸಾರಿದ ದನಿಗಳಲ್ಲಿ ಜನಾಂಗದ್ವೇಷದ ದನಿಯೂ ಬೆರೆತಿತ್ತು ಎಂಬುದನ್ನು ಮುಚ್ಚಿಡುವಂತಿಲ್ಲ. ಲಯ ಜಾಸ್ತಿಯಾಯಿತು, ಮೈ ಕದಲಿಸುತ್ತದೆ ಎಂಬ ಆಕ್ಷೇಪ ಕೇಳಿದಾಗಲೆಲ್ಲ, ಯಾರ ಮೈ ಎಂದು ಕೇಳಬೇಕೆನಿಸುತ್ತದೆ.

ಶ್ರುತಿಪೆಟ್ಟಿಗೆ ಬರೆಯುತ್ತಾರೆ:

ಕೊನೆಯ ಮಾತಿನ ಪೆಟ್ಟು ನನಗೆ ತಗುಲಿತು, ತಗುಲಬೇಕಾದದ್ದೇ. ಲಯದ ಬಗ್ಗೆ ಹಗುರವಾಗಿ ಮಾತನಾಡುವ ಅಭ್ಯಾಸ ನನ್ನ ಕಡೆಯವರಲ್ಲಿ ಇದೆ.

ಆದರೂ ನೀಲಿಸ್ವರ ಅವರು ಹೇಳಿದ ಕಥೆಯೊಳಗೇ ಗೆರೆಯೊಂದು ಕಾಣುತ್ತದೆ, ಅದನ್ನು ಎಳೆದವರು ಹೊರಗಿನವರಲ್ಲ. ಮಹಲಿಯಾ ಜಾಕ್ಸನ್ ಎಷ್ಟು ಹಣದ ಆಸೆ ತೋರಿಸಿದರೂ ಬ್ಲೂಸ್ ಹಾಡಲು ಒಪ್ಪಲಿಲ್ಲ. ಸೋಲ್ ಸ್ಟಿರರ್ಸ್ ಎಂಬ ಸುವಾರ್ತಾ ತಂಡದ ಮುಖ್ಯ ದನಿಯಾಗಿದ್ದ ಸ್ಯಾಮ್ ಕುಕ್ 1956ರಲ್ಲಿ ಮೊದಲ ಪ್ರೇಮಗೀತೆಯನ್ನು ಡೇಲ್ ಕುಕ್ ಎಂಬ ಬೇರೆ ಹೆಸರಿನಲ್ಲಿ ಹೊರತಂದರು. ಗೆರೆಯೇ ಇಲ್ಲದಿದ್ದರೆ ಹೆಸರು ಮರೆಸುವ ಅಗತ್ಯವೇನಿತ್ತು? ಲಿಟಲ್ ರಿಚರ್ಡ್ 1957ರಲ್ಲಿ, ಖ್ಯಾತಿಯ ಶಿಖರದಲ್ಲಿದ್ದಾಗಲೇ, ಆಸ್ಟ್ರೇಲಿಯಾ ಪ್ರವಾಸದ ನಡುವೆ ರಾಕ್ ಅಂಡ್ ರೋಲನ್ನು ತೊರೆದು ಬೈಬಲ್ ಓದಲು ಕಾಲೇಜು ಸೇರಿದರು, ಕೆಲವು ವರ್ಷಗಳ ನಂತರ ಮತ್ತೆ ವೇದಿಕೆಗೆ ಮರಳಿದರು. ಜೀವನವಿಡೀ ಆ ಎರಡು ದಡಗಳ ನಡುವೆ ಈಜಾಡಿದ ಮನುಷ್ಯನಿಗೆ ನದಿಯೇ ಇಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ.

ಹೊರಗಿನ ಕೇಳುಗ ಬರೆಯುತ್ತಾರೆ:

ನಾನು ಯಾವ ಸಭೆಗೂ ಸೇರಿದವನಲ್ಲ, ದೇವರ ವಿಷಯದಲ್ಲಿ ನಂಬಿಕೆಯೂ ಇಲ್ಲ. ಆದರೂ ಸುವಾರ್ತಾ ಸಂಗೀತದ ಕೇಳುಗನಾಗಿ ಒಂದು ಮಾತು ಸೇರಿಸಲು ಅವಕಾಶ ಕೊಡಿ. ಅರೀಥಾ ಫ್ರಾಂಕ್ಲಿನ್ ಅವರು ಜನವರಿ 1972ರಲ್ಲಿ ಲಾಸ್ ಏಂಜಲೀಸಿನ ಬ್ಯಾಪ್ಟಿಸ್ಟ್ ಸಭೆಯೊಂದರಲ್ಲಿ, ರೆವರೆಂಡ್ ಜೇಮ್ಸ್ ಕ್ಲೀವ್‌ಲೆಂಡ್ ಅವರ ವೃಂದದೊಂದಿಗೆ ಹಾಡಿ ಮುದ್ರಿಸಿದ ಎರಡು ತಟ್ಟೆಗಳ ಆಲ್ಬಂ ಅವರ ಬದುಕಿನಲ್ಲೇ ಅತಿ ಹೆಚ್ಚು ಮಾರಾಟವಾದದ್ದು. ಎಲ್ವಿಸ್ ಪ್ರೆಸ್ಲಿ ಸ್ಪರ್ಧೆಯಲ್ಲಿ ಗೆದ್ದ ಗ್ರ್ಯಾಮಿ ಪ್ರಶಸ್ತಿಗಳು ಒಟ್ಟು ಮೂರು. ಮೂರೂ ರಾಕ್ ಹಾಡುಗಳಿಗಲ್ಲ, ಸುವಾರ್ತಾ ಗಾಯನಕ್ಕೆ. ಜಾನ್ ನ್ಯೂಟನ್ನರು 1773ರ ಹೊಸವರ್ಷದ ಆರಾಧನೆಗೆಂದು ಬರೆದ ಕೃಪೆಯ ಹಾಡು, ಈಗ ಎಲ್ಲರೂ ಬಲ್ಲ ಧಾಟಿಯನ್ನು 1835ರಲ್ಲಿ ಪಡೆದು, 1972ರಲ್ಲಿ ಸ್ಕಾಟ್ ಸೈನಿಕರ ಬ್ಯಾಗ್‌ಪೈಪಿನಲ್ಲಿ, ಸಾಹಿತ್ಯವೇ ಇಲ್ಲದೆ, ಬ್ರಿಟನ್ನಿನ ಜನಪ್ರಿಯ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು.

ನಾನು ಹೇಳಬಯಸುವುದು ಇಷ್ಟು: ಗೆರೆಯನ್ನು ಕಾಯುವವರು ಸಭೆಯ ಒಳಗಷ್ಟೇ ಇಲ್ಲ. ಬಾಬ್ ಡಿಲನ್ ಕ್ರೈಸ್ತ ವಿಶ್ವಾಸಕ್ಕೆ ಬಂದು 1979ರಲ್ಲಿ ಆ ವಿಶ್ವಾಸದ ಹಾಡುಗಳ ಆಲ್ಬಂ ತಂದಾಗ, ಸ್ಯಾನ್ ಫ್ರಾನ್ಸಿಸ್ಕೋದ ರಂಗಮಂದಿರದಲ್ಲಿ ಹದಿನಾಲ್ಕು ರಾತ್ರಿ ಹಳೆಯ ಒಂದು ಹಾಡನ್ನೂ ಹಾಡದೆ ಹೊಸ ಭಕ್ತಿಗೀತೆಗಳನ್ನೇ ಹಾಡಿದರು. ಅವರನ್ನು ಮುಕ್ತಚಿಂತನೆಯ ದನಿಯೆಂದು ಕೊಂಡಾಡಿದ್ದ ನಮ್ಮಂಥ ಕೇಳುಗರೇ ಅಂದು ಕೂಗಿ ಗೇಲಿ ಮಾಡಿದರು, ಎದ್ದು ಹೊರನಡೆದರು. ಧರ್ಮದ ಹಾಡು ಸಂಗೀತಕಛೇರಿಯೊಳಗೆ ಬರಬಾರದೆಂಬ ನಮ್ಮ ಶುದ್ಧಾಚಾರವೂ, ಗಿಟಾರ್ ಸಭೆಯೊಳಗೆ ಬರಬಾರದೆಂಬ ನಿಮ್ಮ ಹಿರಿಯರ ಶುದ್ಧಾಚಾರವೂ ಒಂದೇ ಬಟ್ಟೆಯ ಎರಡು ತುಂಡುಗಳಂತೆ ಕಾಣುತ್ತವೆ.

ಹಾಗೆಯೇ ಒಂದು ಪ್ರಶ್ನೆ. ಅರೀಥಾ ಅವರ ಆ ಆಲ್ಬಂ ಕೇಳುವಾಗ ನನಗೆ ರೋಮಾಂಚನವಾಗುತ್ತದೆ. ನನ್ನ ಆ ಹೊತ್ತನ್ನು ನೀವು ಏನೆಂದು ಕರೆಯುತ್ತೀರಿ?

ಹಿಂದಿನಸಾಲು ಬರೆಯುತ್ತಾರೆ:

ಹೊರಗಿನ ಕೇಳುಗರೇ, ಅದನ್ನು ನಾನು ಏನೆಂದೂ ಕರೆಯಲಾರೆ. ಗಾಯನವೃಂದದಲ್ಲಿ ನಿಂತು ಹಾಡುವಾಗ ನನಗೆ ಆಗುವ ರೋಮಾಂಚನ ಯಾವ ಜಾತಿಯದು ಎಂಬುದೇ ಎಷ್ಟೋ ಸಲ ನನಗೆ ತಿಳಿದಿಲ್ಲ. ಅಗಸ್ತೀನರ ಕಳವಳ ಅದೇ ಇದ್ದಿರಬೇಕು.

ಲೆಕ್ಕದಪುಸ್ತಕ ಬರೆಯುತ್ತಾರೆ:

ಇಲ್ಲಿಯವರೆಗೆ ಎಲ್ಲರೂ ಆತ್ಮದ ಬಗ್ಗೆ ಬರೆದಿರಿ, ಹಣದ ಬಗ್ಗೆ ಯಾರೂ ಬರೆಯಲಿಲ್ಲ. ರಾಟ್ಸಿಂಗರ್ ಹೇಳಿದ ‘ಕೈಗಾರಿಕೆ’ ಎಂಬ ಪದ ಈಗ ಸಭೆಯ ಹೊರಗಿನ ಸಂಗೀತಕ್ಕಿಂತ ಒಳಗಿನದಕ್ಕೇ ಹೆಚ್ಚು ಒಪ್ಪುತ್ತದೆ.

1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿ ಯುವಜನರ ನಡುವೆ ಯೇಸುವಿನ ಚಳವಳಿ ಹುಟ್ಟಿದಾಗ ಅವರ ಬಳಿ ಇದ್ದದ್ದು ಉದ್ದ ಕೂದಲು, ಹಳೆಯ ಗಿಟಾರ್ ಮತ್ತು ಬೈಬಲ್. ಲ್ಯಾರಿ ನಾರ್ಮನ್ 1969ರಲ್ಲಿ ಕ್ರೈಸ್ತ ರಾಕ್ ಆಲ್ಬಂ ತಂದಾಗ ಸಭೆಗಳಿಗೆ ಅದು ಅತಿ ಒರಟಾಯಿತು, ಸಂಗೀತದಂಗಡಿಗಳಿಗೆ ಅತಿ ಧಾರ್ಮಿಕವಾಯಿತು. ಕೋಸ್ಟಾ ಮೆಸಾದ ಕ್ಯಾಲ್ವರಿ ಚಾಪೆಲ್ ಸಭೆಯವರು 1971ರಲ್ಲಿ ತಮ್ಮದೇ ಧ್ವನಿಮುದ್ರಣ ಸಂಸ್ಥೆ ಆರಂಭಿಸಿದರು. ಅಲ್ಲಿಂದ ಮುಂದೆ ಪ್ರತ್ಯೇಕ ಕಂಪನಿಗಳು, ಪ್ರತ್ಯೇಕ ಆಕಾಶವಾಣಿ ಕೇಂದ್ರಗಳು, ಪ್ರತ್ಯೇಕ ಜನಪ್ರಿಯತಾ ಪಟ್ಟಿಗಳು ಬಂದವು. ಬಳಿಕ ದೊಡ್ಡ ಲೌಕಿಕ ಕಂಪನಿಗಳು ಆ ಚಿಕ್ಕ ಕಂಪನಿಗಳನ್ನು ಕೊಂಡವು, 1992ರಲ್ಲಿ ಇಎಂಐ ಸಂಸ್ಥೆ ಸ್ಪ್ಯಾರೋ ಕಂಪನಿಯನ್ನು ಕೊಂಡಂತೆ. ಈ ವ್ಯವಸ್ಥೆಯ ವಿಚಿತ್ರವೆಂದರೆ ಗಡಿ ಕಾಯುವುದೇ ಅದರ ಬಂಡವಾಳ. ಕ್ರೈಸ್ತ ಗಾಯಕಿ ಏಮಿ ಗ್ರಾಂಟ್ 1991ರಲ್ಲಿ ತಮ್ಮ ಹಸುಗೂಸನ್ನು ನೋಡಿ ಹೊಳೆದ ನಲಿವಿನ ಹಾಡೊಂದರಿಂದ ಅಮೆರಿಕದ ಸಾಮಾನ್ಯ ಪಟ್ಟಿಯ ಮೊದಲ ಸ್ಥಾನಕ್ಕೇರಿದಾಗ, ಅದರಲ್ಲಿ ದೇವರ ಹೆಸರಿಲ್ಲವೆಂದು ಕ್ರೈಸ್ತ ಮಾಧ್ಯಮಗಳಲ್ಲಿ ಮುನಿಸು ಕಾಣಿಸಿಕೊಂಡಿತು. ತಾಯಿ ಮಗುವನ್ನು ಪ್ರೀತಿಸುವುದು ಯಾವಾಗಿನಿಂದ ಲೌಕಿಕವಾಯಿತೋ!

ಆರಾಧನೆಯ ಹಾಡಿನಲ್ಲೂ ಲೆಕ್ಕ ಬಂದಿದೆ. 1988ರಲ್ಲಿ ಆರಂಭವಾದ ಸಿಸಿಎಲ್ಐ ಎಂಬ ಸಂಸ್ಥೆಗೆ ಸಭೆಗಳು ತಮ್ಮ ಗಾತ್ರಕ್ಕೆ ತಕ್ಕ ವಾರ್ಷಿಕ ಶುಲ್ಕ ಕೊಟ್ಟು, ಹಾಡುಗಳ ಸಾಹಿತ್ಯವನ್ನು ಅಚ್ಚು ಹಾಕಲು, ಪರದೆಯ ಮೇಲೆ ತೋರಿಸಲು ಅನುಮತಿ ಪಡೆಯುತ್ತವೆ. ಯಾವ ಹಾಡು ಎಷ್ಟು ಬಳಕೆಯಾಯಿತೆಂಬ ವರದಿಯ ಮೇಲೆ ಬರೆದವರಿಗೆ ಗೌರವಧನ ಹೋಗುತ್ತದೆ. ಇದು ನ್ಯಾಯವಾದ ಏರ್ಪಾಡು, ಹಾಡು ಬರೆಯುವವರೂ ಉಣ್ಣಬೇಕು. ಆದರೆ ಪರಿಣಾಮವನ್ನು ನೋಡಿ: ಹೆಚ್ಚು ಬಳಕೆಯಾದ ಹಾಡುಗಳ ಪಟ್ಟಿ ಸಿದ್ಧವಾಗುತ್ತದೆ, ಸಭೆಗಳು ಆ ಪಟ್ಟಿಯಿಂದಲೇ ಆರಿಸುತ್ತವೆ, ಆರಿಸಿದ್ದರಿಂದ ಪಟ್ಟಿ ಇನ್ನೂ ಗಟ್ಟಿಯಾಗುತ್ತದೆ. ಸಿಡ್ನಿಯ ಹಿಲ್‌ಸಾಂಗ್ ಸಭೆಯಿಂದ 2013ರಲ್ಲಿ ಬಂದ ಸಮುದ್ರದ ಗೀತೆ ಬಿಲ್‌ಬೋರ್ಡ್‌ನ ಕ್ರೈಸ್ತ ಗೀತೆಗಳ ಪಟ್ಟಿಯಲ್ಲಿ 61 ವಾರ ಮೊದಲ ಸ್ಥಾನದಲ್ಲಿತ್ತು. 2018ರಲ್ಲಿ ಬಂದ ಲಾರೆನ್ ಡೇಗಲ್ ಅವರ ಹಾಡೊಂದು ನೂರು ವಾರಗಳನ್ನೂ ದಾಟಿತು. ಅವು ಕೆಟ್ಟ ಹಾಡುಗಳೆಂದು ನಾನು ಹೇಳುತ್ತಿಲ್ಲ. ಆದರೆ ಸಭೆಯ ಹಾಡಿನ ಪುಸ್ತಕವನ್ನು ಹಿಂದೆ ಪಂಗಡದ ಸಮಿತಿಯೊಂದು ವರ್ಷಗಟ್ಟಲೆ ಕುಳಿತು ಸಿದ್ಧಪಡಿಸುತ್ತಿತ್ತು, ಈಗ ಅದನ್ನು ಪಟ್ಟಿಯೇ ಸಿದ್ಧಪಡಿಸುತ್ತಿದೆ.

ಕರಿಬಿಳಿಮನೆ ಬರೆಯುತ್ತಾರೆ:

ನಾನು ಆರಾಧನೆಯಲ್ಲಿ ಕೀಬೋರ್ಡ್ ನುಡಿಸುವವಳು, ಡ್ರಮ್ಸ್ ಇರುವ ತಂಡದಲ್ಲೇ. ತತ್ವಕ್ಕಿಂತ ಕೆಳಗಿನ ಮಟ್ಟದ ಒಂದು ಮಾತು ಹೇಳುತ್ತೇನೆ, ಅದು ಶ್ರುತಿಯ ಮಾತು.

ಧ್ವನಿಮುದ್ರಣಕ್ಕೆಂದು ಬರೆದ ಆರಾಧನಾ ಗೀತೆಗಳಲ್ಲಿ ಬಹಳಷ್ಟು ಒಂದೇ ರೀತಿ ನಡೆಯುತ್ತವೆ: ಆರಂಭದ ಚರಣ ಪಿಸುಮಾತಿನಂತೆ ಕೆಳಸ್ವರದಲ್ಲಿ, ಕೊನೆಯ ಭಾಗ ಒಂದು ಸ್ಥಾಯಿ ಮೇಲಕ್ಕೆ ಹಾರಿ. ಆ ಹಾರಿಕೆಯಲ್ಲಿ ಮುಖ್ಯ ಗಾಯಕರ ದನಿ ಮಿಂಚುತ್ತದೆ, ಸಭೆಯ ದನಿ ಸಾಯುತ್ತದೆ. ತರಬೇತಿಯಿಲ್ಲದ ಗಂಡಸರೂ ಹೆಂಗಸರೂ ಮಕ್ಕಳೂ ಒಟ್ಟಿಗೆ ಹಾಯಾಗಿ ಹಾಡಬಲ್ಲ ವ್ಯಾಪ್ತಿ ಒಂದು ಸ್ಥಾಯಿಗಿಂತ ಹೆಚ್ಚೆಂದರೆ ಎರಡು ಮೂರು ಸ್ವರ ಜಾಸ್ತಿ. ಜಿನೀವಾದ ಕೀರ್ತನೆ ಪುಸ್ತಕದಿಂದ ಬಂದು ನೂರನೆಯ ಕೀರ್ತನೆಗೆ ಅಂಟಿಕೊಂಡ ಹಳೆಯ ಧಾಟಿ ಸರಿಯಾಗಿ ಒಂದು ಸ್ಥಾಯಿಯೊಳಗೆ ನಿಲ್ಲುತ್ತದೆ. ನ್ಯೂಟನ್ನರ ಕೃಪೆಯ ಹಾಡಿನ ಧಾಟಿಯೂ ಅಷ್ಟೇ. ಅವು ಉಳಿದುಕೊಂಡದ್ದಕ್ಕೆ ಭಕ್ತಿ ಒಂದು ಕಾರಣವಾದರೆ ಈ ಅಳತೆ ಇನ್ನೊಂದು ಕಾರಣ ಎಂದು ನನ್ನ ಅನುಭವ ಹೇಳುತ್ತದೆ.

ಎರಡು ವರ್ಷದ ಹಿಂದೆ, ನಾವು ನುಡಿಸುವಾಗ ಮುಂದಿನ ಸಾಲಿನವರು ಬಾಯಿ ಮುಚ್ಚಿ ನಮ್ಮನ್ನೇ ನೋಡುತ್ತಿದ್ದುದನ್ನು ಕಂಡು, ಎಲ್ಲ ಹೊಸ ಹಾಡುಗಳನ್ನೂ ಮೂರು ಅರ್ಧಸ್ವರ ಕೆಳಗಿಳಿಸಿದೆವು, ಸ್ಥಾಯಿ ಹಾರುವ ಭಾಗವನ್ನು ಕೈಬಿಟ್ಟೆವು, ಸ್ಪೀಕರಿನ ಸದ್ದನ್ನು ಸಭೆಯ ದನಿ ನಮಗೆ ಕೇಳಿಸುವಷ್ಟಕ್ಕೆ ತಗ್ಗಿಸಿದೆವು. ಮುಖ್ಯ ಗಾಯಕರಿಗೆ ಬೇಸರವಾಯಿತು. ಜನ ಹಾಡತೊಡಗಿದರು. ಡ್ರಮ್ಸ್ ಅಲ್ಲೇ ಇತ್ತು.

ಇಂಗ್ಲೆಂಡಿನ ವಾಟ್‌ಫರ್ಡಿನಲ್ಲಿ 1990ರ ದಶಕದ ಕೊನೆಯಲ್ಲಿ ನಡೆದದ್ದು ಹಲವರಿಗೆ ಗೊತ್ತಿರಬಹುದು. ಗಾಯಕ ಮ್ಯಾಟ್ ರೆಡ್‌ಮನ್ ಇದ್ದ ಸಭೆಯ ಪಾಲಕರು, ಜನ ಆರಾಧಿಸುವ ಬದಲು ಸಂಗೀತವನ್ನು ಸವಿಯುತ್ತಿದ್ದಾರೆಂದು ಅನ್ನಿಸಿ, ವಾದ್ಯತಂಡವನ್ನೂ ಧ್ವನಿವರ್ಧಕವನ್ನೂ ಕೆಲಕಾಲ ತೆಗೆದುಹಾಕಿದರು. ಮೊದಮೊದಲು ಮುಜುಗರದ ಮೌನ, ಬಳಿಕ ನಿಧಾನವಾಗಿ ಜನರ ಬರಿದನಿಯ ಹಾಡು. ಆ ಅನುಭವದಿಂದ ರೆಡ್‌ಮನ್ ಬರೆದ ಗೀತೆ ಮುಂದೆ ಲೋಕವಿಡೀ ವಾದ್ಯತಂಡಗಳೊಂದಿಗೆ, ಧ್ವನಿವರ್ಧಕಗಳೊಂದಿಗೆ ಹಾಡಲ್ಪಟ್ಟಿತು. ನಾವೂ ನುಡಿಸಿದ್ದೇವೆ, ನಗು ತಡೆದುಕೊಂಡು.

ಶ್ರುತಿಪೆಟ್ಟಿಗೆ ಬರೆಯುತ್ತಾರೆ:

ಕರಿಬಿಳಿಮನೆಯವರ ಅಳತೆಗೋಲನ್ನು ನಾನು ಒಪ್ಪುತ್ತೇನೆ, ಒಪ್ಪಿದರೆ ನನ್ನ ಪಕ್ಷಕ್ಕೇ ನಷ್ಟವೆಂದು ತಿಳಿದೂ ಒಪ್ಪುತ್ತೇನೆ. ಸಭೆ ಹಾಡುತ್ತಿದೆಯೋ, ಅಥವಾ ಸಭೆಯ ಮುಂದೆ ಯಾರೋ ಹಾಡುತ್ತಿದ್ದಾರೋ ಎಂಬುದೇ ಪ್ರಶ್ನೆಯಾದರೆ, ವಾದ್ಯದ ಮಾತು ಹಿಂದೆ ಸರಿಯುತ್ತದೆ. ಡಾರ್ಸಿ ಅವರ ಹಾಡುಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಅಲ್ಲಿ ಗಾಯಕ ಕೂಗಿದರೆ ಸಭೆ ಮರುಕೂಗುತ್ತದೆ, ಸುಮ್ಮನೆ ಕೇಳುವವರು ಎಂಬ ವರ್ಗವೇ ಇರುವುದಿಲ್ಲ.

ಸೋಲುವವರ ಪಟ್ಟಿಯಲ್ಲಿ ಮಾತ್ರ ಪಾಪ್ ತಂಡಗಳಷ್ಟೇ ಇಲ್ಲ. ಹದಿನಾರನೇ ಶತಮಾನದಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯ ಕಾಲದಲ್ಲೂ, ಹೆಣೆದುಕೊಂಡ ಬಹುದನಿಯ ಹಾಡಿನಲ್ಲಿ ಮಾತೇ ಕೇಳಿಸುವುದಿಲ್ಲ, ಕಿವಿಗೆ ಬರಿದೇ ಸುಖ ಎಂಬ ದೂರು ಇತ್ತು. ನಾನು ಪ್ರೀತಿಸುವ ಸಂಗೀತ ಅದೇ. ನಾಲ್ಕು ದನಿಯ ವೃಂದಗೀತೆಯೂ ಹಾಗೆಯೇ: ಸಭೆ ಕುಳಿತು ಕೇಳುತ್ತದೆ, ವೃಂದ ನಿಂತು ಹಾಡುತ್ತದೆ. ಕೇಳುವುದೂ ಆರಾಧನೆಯ ಒಂದು ಬಗೆಯೆಂದು ನಾನು ವಾದಿಸಬಲ್ಲೆ, ಆದರೆ ಅದೇ ವಾದವನ್ನು ಗಿಟಾರಿನ ತಂಡದವರು ಎತ್ತಿಕೊಂಡರೆ ಅಲ್ಲವೆನ್ನಲು ಬಾಯಿ ಬರುವುದಿಲ್ಲ. ಆಮೋಸನ ಗ್ರಂಥದ ಐದನೇ ಅಧ್ಯಾಯದಲ್ಲಿ ದೇವರು ನಿಮ್ಮ ಹಾಡುಗಳ ಗದ್ದಲ ನನಗೆ ಬೇಡ ಎಂದಾಗ ಕೇಳಿಸುತ್ತಿದ್ದದ್ದು ಡ್ರಮ್ಸ್ ಅಲ್ಲ, ವಿಧಿಬದ್ಧವಾದ ದೇವಾಲಯದ ಸಂಗೀತ. ನ್ಯಾಯ ನೀರಿನಂತೆ ಹರಿಯಲಿ ಎಂಬ ಮಾತು ಅದರ ಮರುಸಾಲಿನಲ್ಲೇ ಇದೆ.

ಹಿಂದಿನಸಾಲು ಅವರೇ, ನಿಮ್ಮ ವೃಂದ ಹಾಡುವಾಗ ಸಭೆಯವರು ಏನು ಮಾಡುತ್ತಿರುತ್ತಾರೆ?

ಹಿಂದಿನಸಾಲು ಬರೆಯುತ್ತಾರೆ:

ಈ ಪ್ರಶ್ನೆ ಬರುತ್ತದೆಂದು ಕರಿಬಿಳಿಮನೆಯವರ ಬರಹ ಓದಿದಾಗಲೇ ಅಂದುಕೊಂಡೆ. ಹಿಂದಿನ ಸಾಲಿನಿಂದ ಸಭೆಯವರ ಮುಖ ಚೆನ್ನಾಗಿ ಕಾಣುತ್ತದೆ, ಇಷ್ಟು ವರ್ಷ ಅದನ್ನು ನೋಡಬೇಕೆಂದು ತೋಚಿರಲಿಲ್ಲ. ಈ ಭಾನುವಾರ ನೋಡಿದೆ. ಒಟ್ಟು ಐದು ಹಾಡುಗಳು. ಹಳೆಯ ಎರಡು ಸ್ತುತಿಗೀತೆಗಳಿಗೆ ಹೆಚ್ಚುಕಡಿಮೆ ಎಲ್ಲರೂ ದನಿಗೂಡಿಸಿದರು. ಮೂರನೆಯದಕ್ಕೆ ವಯಸ್ಸಾದವರು ಮಾತ್ರ. ಉಳಿದೆರಡು ವೃಂದಗೀತೆಗಳು, ಜನ ಕೇಳಿದರು, ಒಬ್ಬಿಬ್ಬರು ಕಣ್ಣು ಮುಚ್ಚಿದ್ದರು, ಹಲವರು ಕೈಯಲ್ಲಿದ್ದ ಕಾಗದವನ್ನು ಓದುತ್ತಿದ್ದರು, ಯುವಜನರ ಸಾಲಿನಲ್ಲಿ ಒಂದು ತುಟಿಯೂ ಕದಲಲಿಲ್ಲ.

ಹಿರಿಯರ ಕೂಟ ಬರುವ ವಾರವಿದೆ. ಡ್ರಮ್ಸ್ ಬೇಕೋ ಬೇಡವೋ ಎಂಬ ಮತಕ್ಕೆ ಮೊದಲು, ಸಭೆಯವರು ಯಾವ ಹಾಡುಗಳನ್ನು ಹಾಡುತ್ತಿದ್ದಾರೆ, ಯಾವುದನ್ನು ಹಾಡುತ್ತಿಲ್ಲ ಎಂಬುದನ್ನು ಎರಡು ತಿಂಗಳು ಗಮನಿಸೋಣ, ವೃಂದಗೀತೆಗಳನ್ನೂ ಆ ಲೆಕ್ಕಕ್ಕೆ ಸೇರಿಸೋಣ ಎಂದು ಕೇಳಿಕೊಳ್ಳಲಿದ್ದೇನೆ. ನಮ್ಮ ವೃಂದವನ್ನು ನಡೆಸುವವರಿಗೆ ಇದು ಹಿಡಿಸುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಅಷ್ಟಾಗಿ ಹಿಡಿಸುತ್ತಿಲ್ಲ. ಆ ಎರಡು ವೃಂದಗೀತೆಗಳಲ್ಲಿ ಎರಡನೆಯದಕ್ಕೆ ಬಹಳ ಚೆಂದದ ಬೇಸ್ ಭಾಗವಿದೆ.